ಬಣ್ಣ ಒಣಗುವವರೆಗೆ

ಬ್ಯಾಡಗಿಯಲ್ಲಿ ಯಾರಾದರೂ ಕೆಮ್ಮಿದರೆ ಪಕ್ಕದವರು ತಿರುಗಿ ನೋಡುವುದಿಲ್ಲ. ನೀವು ಆ ಕಡೆಯವರಾದರೆ ಇದನ್ನು ನಾನು ಹೇಳಬೇಕಾಗಿಲ್ಲ. ಮೆಣಸಿನಕಾಯಿ ಹಂಗಾಮಿನಲ್ಲಿ ರೈಲು ಆ ಸ್ಟೇಷನ್ನಿಗೆ ಬಂದು ನಿಂತರೆ ಸಾಕು, ಮಲಗಿದ್ದವರು ಸೀನುತ್ತ ಏಳುತ್ತಾರೆ. ಊರು ಬಂತು ಅಂತ ಯಾರೂ ಎಬ್ಬಿಸಬೇಕಾಗಿಲ್ಲ. ನಾನು ರಾಣೆಬೆನ್ನೂರಿನವನು. ಹರೆಯದಿಂದ ತಲೆ ಬೆಳ್ಳಗಾಗುವತನಕ ಆ ಊರಿಗೆ ಹೋಗಿ ಬಂದು ಮಾಡಿದವನು. ಇವತ್ತಿಗೂ ರೈಲು ಬ್ಯಾಡಗಿ ಹತ್ತಿರ ಬಂದರೆ ಕೈ ತಾನಾಗಿ ಜೇಬಿಗೆ ಹೋಗಿ ಕರವಸ್ತ್ರ ಹುಡುಕುತ್ತದೆ. ಮೊನ್ನೆ ಹುಬ್ಬಳ್ಳಿಯಿಂದ ಬರುವಾಗಲೂ ಹಾಗೇ ಆಯಿತು. ಕರವಸ್ತ್ರ ಮೂಗಿಗೆ ಹಿಡಿದು ಕೂತೆ. ಸೀನು ಬರಲಿಲ್ಲ, ಅಳು ಬಂತು. ಎದುರು ಸೀಟಿನ ಹೆಣ್ಣುಮಗಳು ಘಾಟು ಹತ್ತಿತೇನ್ರಿ ಅಂತ ನೀರಿನ ಬಾಟ್ಲಿ ಮುಂದೆ ಹಿಡಿದಳು. ಹೌದ್ರಿ ಅಂದೆ. ಮಲ್ಲೇಶಿ ಹೋಗಿ ಇನ್ನೂ ವರ್ಷವಾಗಿಲ್ಲ ಅಂತ ರೈಲಿನಲ್ಲಿ ಸಿಕ್ಕವರಿಗೆಲ್ಲ ಹೇಳುತ್ತ ಕೂಡಲಿಕ್ಕಾಗುತ್ತದೆಯೇ?

ಮಲ್ಲೇಶಿ ಅಂದರೆ ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯ ಮಲ್ಲೇಶಪ್ಪ. ನಾನು ಹಲಗೇರಿ ರಸ್ತೆಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗ ಮಾರುವ ಶೇಖರಪ್ಪ. ನಮ್ಮಿಬ್ಬರನ್ನು ಗಂಟು ಹಾಕಿದ್ದು ಮೆಣಸಿನಕಾಯಿಯೂ ಅಲ್ಲ, ಟ್ರ್ಯಾಕ್ಟರೂ ಅಲ್ಲ. ಹಳೇ ಕಾಲದ ಓಟದ ಕಾರುಗಳ ಸಣ್ಣ ಮಾದರಿ ಮಾಡುವ ಹುಚ್ಚು. ನಮ್ಮಪ್ಪಂದಿರು ಚಡ್ಡಿ ಹಾಕುತ್ತಿದ್ದ ಕಾಲಕ್ಕೆ ದೂರದ ದೇಶಗಳಲ್ಲಿ ಓಡುತ್ತಿದ್ದ, ಎರಡೇ ಸೀಟಿನ, ಮೇಲೆ ಟಾಪಿಲ್ಲದ, ಮೂತಿ ಉದ್ದದ ಕಾರುಗಳು. ನಿಜವಾದ ಕಾರಿನ ಒಂದು ಅಡಿ ನಮ್ಮಲ್ಲಿ ಒಂದು ಇಂಚು. ನಮಗೆ ತಿಳಿದಂತೆ ಇಡೀ ಹಾವೇರಿ ಜಿಲ್ಲೆಯಲ್ಲಿ ಈ ಕೆಲಸ ಮಾಡುವವರು ಇಬ್ಬರೇ ಇದ್ದೆವು. ಈಗ ಒಬ್ಬ. ಆ ಒಬ್ಬನೂ ಸದ್ಯ ಏನೂ ಮಾಡುತ್ತಿಲ್ಲ.

ನಮ್ಮ ಮನೆಗೆ ಬಂದವರು ಕಪಾಟಿನಲ್ಲಿಟ್ಟ ಕಾರುಗಳನ್ನು ನೋಡಿ ಕೇಳುವ ಮೊದಲ ಪ್ರಶ್ನೆ, ಇದು ಓಡತೈತೇನ್ರಿ ಅಂತ. ಇಲ್ಲ. ಸೆಲ್ ಹಾಕಿದರೆ? ಇಲ್ಲ. ಕೀಲಿ ಕೊಟ್ಟರೆ? ಅದೂ ಇಲ್ಲ. ಆಮೇಲೆ ಅವರು ಮರುಕದಿಂದ ನನ್ನ ಹೆಂಡತಿ ಸುಮಿತ್ರಾಳ ಮುಖ ನೋಡುತ್ತಾರೆ. ಅವಳು ಚಹಾದ ನೆವ ಮಾಡಿ ಒಳಗೆ ಹೋಗುತ್ತಾಳೆ. ಇನ್ನೊಂದು ಗುಟ್ಟು ಹೇಳುತ್ತೇನೆ, ನಗಬೇಡಿ. ಓಟದ ಕಾರು ಮಾಡುವ ನಮ್ಮಿಬ್ಬರಿಗೂ ಕಾರು ಓಡಿಸಲಿಕ್ಕೆ ಬರುತ್ತಿರಲಿಲ್ಲ. ನನ್ನದು ಹಳೇ ಮೊಪೆಡ್ಡು. ಮಲ್ಲೇಶಿ ಕಾರು ಕೊಂಡು, ಕಲಿಯುತ್ತೇನೆಂದು ಹೋಗಿ, ಮಾರ್ಕೆಟ್ ಯಾರ್ಡಿನಲ್ಲಿ ಖಾಲಿ ಚೀಲದ ರಾಶಿಯೊಳಗೆ ಅದನ್ನು ನುಗ್ಗಿಸಿದ. ಹಮಾಲರು ಚೀಲ ಸರಿಸಿ ಸಾಹುಕಾರರನ್ನು ಹೊರಗೆ ತೆಗೆದರು. ಮರುದಿನದಿಂದ ಡ್ರೈವರ್ ಇಟ್ಟುಕೊಂಡ.

ಈ ಹುಚ್ಚು ನನಗೆ ಹುಟ್ಟಿನಿಂದಲೇ ಇತ್ತೋ ಏನೋ. ಮಣ್ಣೆತ್ತಿನ ಅಮಾವಾಸ್ಯೆಗೆ ನಮ್ಮ ಓಣಿಯ ಹುಡುಗರೆಲ್ಲ ಕೆರೆಯ ಮಣ್ಣು ತಂದು ಎತ್ತು ಮಾಡಿದರೆ ನಾನೊಬ್ಬ ಮೋಟಾರು ಮಾಡಿಟ್ಟೆ. ಅವ್ವ ನೋಡಿದಳು. ಬಸವಣ್ಣನ ಜಾಗದಾಗ ಇದಕ್ಕ ಪೂಜಿ ಮಾಡ್ಲೇನು ಅಂತ ಬೆನ್ನಿಗೊಂದು ಬಿಟ್ಟಳು. ಹೊತ್ತು ಮೀರಿತ್ತು, ಮಣ್ಣೂ ತೀರಿತ್ತು. ಕೊನೆಗೆ ಅವಳೇ ಮೋಟಾರಿನ ಮೂತಿಗೆ ಎರಡು ಕೋಡು ಮೆತ್ತಿ, ಕುಂಕುಮ ಹಚ್ಚಿ ಜಗಲಿಯ ಮೇಲಿಟ್ಟಳು. ಆ ವರ್ಷ ಮಳೆ ಚೆನ್ನಾಗಿಯೇ ಆಯಿತು. ಅದನ್ನು ಮಾತ್ರ ಅವ್ವ ನನ್ನ ಲೆಕ್ಕಕ್ಕೆ ಹಾಕಲಿಲ್ಲ.

ಮಲ್ಲೇಶಿ ಸಿಕ್ಕಿದ್ದು ಹಾವೇರಿಯ ಕಾಲೇಜಿನಲ್ಲಿ. ಒಂದೇ ಖೋಲಿಯಲ್ಲಿದ್ದೆವು. ಒಂದು ಸಂಜೆ ಬಸ್ ನಿಲ್ದಾಣದ ಹತ್ತಿರ ಹುರಿದ ಶೇಂಗಾ ಕೊಂಡರೆ, ಪೊಟ್ಟಣದ ಹಾಳೆಯ ಮೇಲೆ ಕೆಂಪು ಓಟದ ಕಾರಿನ ಚಿತ್ರ. ಯಾವುದೋ ವಿದೇಶಿ ಪತ್ರಿಕೆಯ ರದ್ದಿ. ಶೇಂಗಾ ಮಲ್ಲೇಶಿಯ ಪಾಲಾಯಿತು, ಹಾಳೆ ನನ್ನ ಪಾಲಾಯಿತು, ಆಮೇಲೆ ಹಾಳೆಗಾಗಿ ಜಗಳವಾಯಿತು. ಚಿತ್ರದಲ್ಲಿ ಕಾರಿನ ಮುಂದಿನ ಅರ್ಧ ಮಾತ್ರ ಇತ್ತು. ಹಿಂದಿನ ಅರ್ಧ ಇನ್ನೊಂದು ಹಾಳೆಯಲ್ಲಿರಬೇಕು ಅಂತ ಹೊಟ್ಟೆ ಕೆಡುವಷ್ಟು ಶೇಂಗಾ ತಿಂದೆವು. ಸಿಗಲಿಲ್ಲ. ನಮ್ಮ ಮೊದಲ ಕಾರಿಗೆ ಮುಂದೆ ಆ ಚಿತ್ರದ ಮೂತಿ, ಹಿಂದೆ ನಮ್ಮೂರ ಬಾಡಿಗೆ ಕಾರಿನ ಡಿಕ್ಕಿ. ಮುಂದೆ ಎಷ್ಟೋ ವರ್ಷಕ್ಕೆ ಮೊಬೈಲಿನಲ್ಲಿ ಆ ಕಾರಿನ ಪೂರ್ತಿ ಚಿತ್ರ ನೋಡಿದಾಗ ಮಲ್ಲೇಶಿ ಹಿಂಭಾಗವನ್ನು ಬೆರಳಿನಿಂದ ಹಿಗ್ಗಿಸಿ ನೋಡಿ, ನಮ್ಮದ ಚಂದ ಐತಿ ಬಿಡು ಅಂದ.

ಕೆಲಸವನ್ನು ನಾವು ಊರಿನ ಪ್ರಕಾರ ಹಂಚಿಕೊಂಡಿದ್ದೆವು. ಮೈ ಮತ್ತು ಬಣ್ಣ ರಾಣೆಬೆನ್ನೂರು, ಗಾಲಿ ಮತ್ತು ಒಳಗಿನ ಕುಸುರಿ ಬ್ಯಾಡಗಿ. ನಾನು ಬೇವಿನ ಕಟ್ಟಿಗೆಯ ಅಚ್ಚಿನ ಮೇಲೆ ತೆಳು ತಗಡು ಬಡಿದು ಮೈ ಎಬ್ಬಿಸುತ್ತಿದ್ದೆ. ಅವನು ನನ್ನ ಅಂಗಡಿಯಿಂದ ಒಯ್ದ ಹಳೇ ಕ್ಲಚ್ ಕೇಬಲ್ಲಿನ ಹುರಿ ಬಿಚ್ಚಿ, ಕೂದಲಿನಂಥ ಆ ತಂತಿಯಿಂದ ಗಾಲಿಯ ಕಡ್ಡಿ ಹೆಣೆಯುತ್ತಿದ್ದ. ಒಂದು ಗಾಲಿಗೆ ಅವನಿಗೆ ಒಂದು ತಿಂಗಳು ಬೇಕು. ಗಾಡಿ, ಅಂದರೆ ನಮ್ಮ ಬಾಯಲ್ಲಿ ಕಾರು, ಬೂಟಿನ ಡಬ್ಬಿಯಲ್ಲಿ ಕೂತು ಪ್ಯಾಸೆಂಜರ್ ರೈಲಿನಲ್ಲಿ ಎರಡೂರ ನಡುವೆ ಓಡಾಡುತ್ತಿತ್ತು. ನಮ್ಮ ಗಾಡಿಗಳು ಓಡಿದ್ದೆಂದರೆ ಅಷ್ಟೇ.

ಬಣ್ಣದ ಕೆಲಸ ಬ್ಯಾಡಗಿಯಲ್ಲಿ ಆಗುವಂತಿರಲಿಲ್ಲ. ಒಮ್ಮೆ ಮಾತ್ರ ಅವನ ಅಂಗಡಿಯ ಮಾಳಿಗೆಯ ಮೇಲೆ ಹೊಡೆದೆವು. ಹಸಿ ಬಣ್ಣದ ಮೇಲೆ ಮೆಣಸಿನಕಾಯಿ ಧೂಳು ಕೂತು ಒಣಗಿಬಿಟ್ಟಿತು. ಆ ಗಾಡಿಯನ್ನು ಮೂಗಿನ ಹತ್ತಿರ ಹಿಡಿದರೆ ಈಗಲೂ ಸೀನು ಬರುತ್ತದೆ. ಆದರೆ ಯಾವ ಕೆಂಪು ಅಂತ ಹೇಳುವವನು ಮಲ್ಲೇಶಿಯೇ. ಹುಟ್ಟಿದಾಗಿನಿಂದ ಕೆಂಪನ್ನೇ ನೋಡಿ ಉಂಡವನು. ಒಂದು ಕಾಯಿಯನ್ನು ತೊಟ್ಟು ಹಿಡಿದು ಬೆಳಕಿಗೆ ತಿರುಗಿಸಿ, ಇದು ಹೋದ ವರ್ಷದ್ದು, ಕೋಲ್ಡ್ ಸ್ಟೋರೇಜಿನಲ್ಲಿ ಇದ್ದು ಬಂದದ್ದು ಅನ್ನುತ್ತಿದ್ದ. ಬಣ್ಣದ ವಿಷಯದಲ್ಲಿ ಅವನ ಮಾತು ಸುಳ್ಳಾದದ್ದನ್ನು ನಾನು ಕಂಡಿಲ್ಲ.

ಗಾಡಿ ಮುಗಿಯಿತು ಅನ್ನಲಿಕ್ಕೂ ನಮ್ಮಲ್ಲಿ ಒಂದು ಪದ್ಧತಿ ಇತ್ತು. ಅದನ್ನು ಹಾಕಿದವರು ಮಲ್ಲೇಶಿಯ ಹೆಂಡತಿ ಶಾಂತಕ್ಕ. ಹೊಸ ಗಾಡಿ ಮನೆಗೆ ಬಂದರೆ ಪೂಜೆ ಮಾಡಿ ಗಾಲಿಯ ಕೆಳಗೆ ಲಿಂಬೆಹಣ್ಣು ಇಡಬೇಕಲ್ಲ? ನಮ್ಮ ಗಾಡಿಗೆ ಲಿಂಬೆಹಣ್ಣು ದೊಡ್ಡದಾಯಿತೆಂದು ಅವರು ಗಾಲಿಗೊಂದರಂತೆ ದ್ರಾಕ್ಷಿ ಇಡುತ್ತಿದ್ದರು. ಮಲ್ಲೇಶಿ ಬೆರಳಿನಿಂದ ಗಾಡಿಯನ್ನು ಮುಂದಕ್ಕೆ ನೂಕಿ ದ್ರಾಕ್ಷಿ ಒಡೆಯುತ್ತಿದ್ದ. ಅದಾದ ಮೇಲೆ ಆ ಗಾಡಿಗೆ ಯಾರೂ ಕೈ ಹಚ್ಚುವಂತಿರಲಿಲ್ಲ. ಎಲ್ಲಾದರೂ ಪುಟ್ಟಿ ಬಿಟ್ಟಿರಲಿ, ಬಣ್ಣದಲ್ಲಿ ಕೂದಲು ಸಿಕ್ಕಿರಲಿ, ದ್ರಾಕ್ಷಿ ಒಡೆಯಿತೆಂದರೆ ಮುಗಿಯಿತು. ತಿದ್ದಿದ್ದನ್ನೇ ತಿದ್ದುತ್ತ ಕೂಡುವ ನನ್ನ ಸ್ವಭಾವಕ್ಕೆ ಹಾಕಿದ ಮೂಗುದಾಣ ಅದು.

ಈಗ ಕೆಮ್ಮಿನ ಮಾತಿಗೆ ಬರುತ್ತೇನೆ. ಇಷ್ಟು ಹೊತ್ತು ಸುತ್ತು ಹೊಡೆದದ್ದು ಅದನ್ನು ತಪ್ಪಿಸಲಿಕ್ಕೇ ಅಂತ ನಿಮಗೆ ಗೊತ್ತಾಗಿರಬೇಕು.

ಮಲ್ಲೇಶಿಯ ಕೆಮ್ಮು ಶುರುವಾದದ್ದು ಹಂಗಾಮಿನಲ್ಲಿ. ಯಾರ್ಡಿನ ತುಂಬ ಚೀಲ, ಗಾಳಿಯ ತುಂಬ ಘಾಟು. ಹಮಾಲರು ಕೆಮ್ಮುತ್ತಿದ್ದರು, ರೈತರು ಕೆಮ್ಮುತ್ತಿದ್ದರು, ಖರೀದಿದಾರರು ಕೆಮ್ಮುತ್ತಿದ್ದರು. ಅದರೊಳಗೆ ಅವನ ಕೆಮ್ಮನ್ನು ಬೇರೆ ತೆಗೆದು ನೋಡುವವರು ಯಾರು? ಹಂಗಾಮು ಮುಗಿಯಿತು. ಕೆಮ್ಮು ಮುಗಿಯಲಿಲ್ಲ. ಮಳೆಗಾಲಕ್ಕೆ ಮಾಲು ನೋಡಲೆಂದು ಕೋಲ್ಡ್ ಸ್ಟೋರೇಜಿಗೆ ಒಳಗೆ ಹೊರಗೆ ಓಡಾಡುತ್ತಿದ್ದ, ಥಂಡಿ ಬಡಿದಿದೆ ಅಂದರು. ನಡುವೆ ಒಮ್ಮೆ ನನ್ನ ಥಿನ್ನರಿನ ವಾಸನೆಯ ಮೇಲೂ ಆರೋಪ ಬಂತು. ಶಾಂತಕ್ಕ ಬೂಟಿನ ಡಬ್ಬಿಯನ್ನು ಎರಡು ದಿನ ಬಿಸಿಲಿಗಿಟ್ಟೇ ಒಳಗೆ ತರುತ್ತಿದ್ದರು. ಊರ ಡಾಕ್ಟರರು, ಅವರೂ ಆ ಊರಿನವರೇ, ಕೆಮ್ಮುತ್ತಲೇ ಔಷಧದ ಬಾಟ್ಲಿ ಕೊಟ್ಟರು. ಬೇರೆ ಊರಾಗಿದ್ದರೆ ಅಷ್ಟು ಕೆಮ್ಮುವ ಮನುಷ್ಯನನ್ನು ನೆರೆಹೊರೆಯವರೇ ಹೊತ್ತು ಆಸ್ಪತ್ರೆಗೆ ಹಾಕುತ್ತಿದ್ದರು. ಬ್ಯಾಡಗಿಯಲ್ಲಿ ಪ್ರತಿಯೊಂದು ತಿಂಗಳಿಗೂ ಕೆಮ್ಮಲು ಒಂದು ಕಾರಣ ಇತ್ತು. ನನಗೆ ಆ ಊರಿನ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಅವನ ಎದುರಿಗೆ ಕೂತು ಕರವಸ್ತ್ರದಲ್ಲಿ ಸೀನುತ್ತಿದ್ದ ನನ್ನ ಮೇಲೂ ಇಳಿದಿಲ್ಲ.

ದೀಪಾವಳಿ ಮುಗಿದ ಮೇಲೆ ಉಗುಳಿನಲ್ಲಿ ರಕ್ತ ಬಂತು. ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು. ಕ್ಯಾನ್ಸರು, ಎರಡೂ ಕಡೆಯ ಪುಪ್ಪುಸಕ್ಕೆ ಹಬ್ಬಿದೆ, ಕತ್ತರಿಸಿ ತೆಗೆಯುವ ಹಂತ ದಾಟಿದೆ ಅಂದರು. ವಾಪಸು ಬರುವಾಗ ಕಾರು ಹಾವೇರಿ ದಾಟಿದ ಮೇಲೆ ಮಲ್ಲೇಶಿ, ಅರ್ಧ ಆಗಿರುವ ಗಾಡಿಯ ಮೈ ಎಲ್ಲಿಗೆ ಬಂತು ಅಂತ ಕೇಳಿದ.

ಅದು ನಾವು ಮೊದಲು ಮಾಡಿದ ಕಾರೇ. ಅದೇ ಶೇಂಗಾ ಪೊಟ್ಟಣದ್ದು. ಈ ಸಲ ಹಿಂಭಾಗವನ್ನೂ ಸರಿಯಾಗಿ ಮಾಡೋಣ ಅಂತ ಆ ವರ್ಷ ಹಿಡಿದಿದ್ದೆವು. ಅದನ್ನು ಮುಗಿಸಿ ನೋಡಬೇಕು, ಬೇರೆ ಆಸೆ ಇಲ್ಲ ಅಂದ. ಶಾಂತಕ್ಕ ಕಿಟಕಿಯ ಕಡೆ ಮುಖ ತಿರುಗಿಸಿದರು.

ಅವನು ಗಾಲಿಗೆ ಕೂತ. ಹಾಸಿಗೆಯ ಮೇಲೆ ಮಣೆ ಇಟ್ಟುಕೊಂಡು, ಬೆನ್ನಿಗೆ ದಿಂಬು ಕೊಟ್ಟುಕೊಂಡು ಹೆಣೆದ. ಗಾಲಿಗೊಂದು ತಿಂಗಳು ತೆಗೆದುಕೊಳ್ಳುತ್ತಿದ್ದವನು ಸಂಕ್ರಾಂತಿ ಕಳೆಯುವುದರೊಳಗೆ ನಾಲ್ಕನ್ನೂ ಮುಗಿಸಿದ. ಮಾತ್ರೆಯ ಡಬ್ಬಿಯಲ್ಲಿ ಹತ್ತಿ ಹಾಕಿ ಕಳಿಸಿದ. ನೋಡಿದೆ. ಒಂದು ಕಡ್ಡಿಯೂ ಸಡಿಲಿರಲಿಲ್ಲ. ಇಷ್ಟು ಲಗೂನ ಇಷ್ಟು ಚೆನ್ನಾಗಿ ಅವನು ಯಾವತ್ತೂ ಮಾಡಿರಲಿಲ್ಲ, ಅದನ್ನು ನೋಡಿಯೇ ನಾನು ಹೆದರಿ ಡಬ್ಬಿಯ ಮುಚ್ಚಳ ಹಾಕಿಬಿಟ್ಟೆ.

ಇನ್ನು ಉಳಿದದ್ದು ನನ್ನ ಬಣ್ಣ. ಗಾಲಿಯ ಜೊತೆಗೆ ಅವನು ತೆಳ್ಳಗಿನ ಕಡ್ಡಿ ತಳಿಯ ಮೆಣಸಿನಕಾಯಿ ಒಂದನ್ನೂ ಕಳಿಸಿದ್ದ. ಈ ಕೆಂಪು ಬೇಕು ಅಂತ. ಪೇಂಟಿನ ಅಂಗಡಿಯಲ್ಲಿ ಕೂತು ಅದನ್ನೇ ಮುಂದಿಟ್ಟುಕೊಂಡು ಬಣ್ಣ ಕೂಡಿಸಿ ತಂದೆ. ಒಂದು ಕೈ ಹೊಡೆದೆ, ಒಣಗಿಸಿದೆ, ವಾಟರ್ ಪೇಪರಿನಿಂದ ತಿಕ್ಕಿದೆ. ಮತ್ತೊಂದು ಕೈ ಹೊಡೆದೆ. ಮತ್ತೆ ತಿಕ್ಕಿದೆ. ಬಾಗಿಲ ಹತ್ತಿರ ಒಂದು ಗೀರು ಕಂಡಿತು, ಕೆರೆದೆ. ಮೂತಿಯ ಮೇಲೆ ಒಂದು ಗುಳ್ಳೆ ಕಂಡಿತು, ಕೆರೆದೆ. ಸುಮಿತ್ರಾ ಕನ್ನಡಕ ಹಾಕಿಕೊಂಡು ಬಂದು ನೋಡಿ, ಅಲ್ಲೇನೈತಿ ಅಂತ ಕೆರ್ಯಾಕತ್ತೀರಿ ಅಂದಳು. ನಿನಗೆ ತಿಳಿಯುವುದಿಲ್ಲ ಅಂದೆ. ಅವಳಿಗೆ ಚೆನ್ನಾಗಿಯೇ ತಿಳಿದಿತ್ತು. ಶಿವರಾತ್ರಿ ಹೋಯಿತು, ಯುಗಾದಿ ಹೋಯಿತು. ಪ್ರತಿ ವಾರ ಬ್ಯಾಡಗಿಗೆ ಖಾಲಿ ಕೈಯಲ್ಲಿ ಹೋಗಿ, ಬಣ್ಣ ಇನ್ನೂ ಹಸಿ ಇದೆ ಅಂತ ಹೇಳಿ ಬರುತ್ತಿದ್ದೆ. ಅವನ ಮೈ ಇಳಿಯುತ್ತಿತ್ತು. ಮೊದಲು ಬಾಗಿಲತನಕ ಬಂದು ಕಳಿಸುತ್ತಿದ್ದ, ಆಮೇಲೆ ಹಾಸಿಗೆಯಲ್ಲೇ ಎದ್ದು ಕೂಡುತ್ತಿದ್ದ, ಆಮೇಲೆ ಕೈ ಎತ್ತುತ್ತಿದ್ದ.

ಒಂದು ಮಧ್ಯಾಹ್ನ ಶಾಂತಕ್ಕ ಗಂಜಿ ತರಲು ಒಳಗೆ ಹೋದಾಗ ಅವನು ಹತ್ತಿರ ಬಾ ಅಂತ ಸನ್ನೆ ಮಾಡಿದ. ಮಂಚದ ಅಂಚಿಗೆ ಕೂತೆ.

"ಶೇಖರಾ, ಬೇಕಂತ ತಡಾ ಮಾಡಾಕತ್ತೀದಿ."

ಬಣ್ಣ ಒಣಗವಲ್ದು ಅಂದೆ.

"ಹೊರಗ ನಿಂತ್ರ ತಲಿ ಸುಡತೈತಿ, ಇಂಥಾ ಬಿಸಲಾಗ ಒಣಗವಲ್ದನು? ಗಾಡಿ ಮುಗೀದಿದ್ರ ನಾ ಹೋಗೂದಿಲ್ಲಂತ ತಿಳಕೊಂಡೀದಿ. ಹಂಗ ಇರೂದಿಲ್ಲೋ. ಅದು ಮುಗೀಲಿಲ್ಲಂದ್ರೂ ನಾ ಹೋಗಾಂವನ. ಮುಗಿಸಿ ತಾ. ನೋಡಿ ಹೋಗ್ತೇನಿ."

ಅಷ್ಟು ಮಾತಿಗೆ ಅವನಿಗೆ ಉಸಿರು ಸಾಲದೆ ಹೋಯಿತು. ನಾನು ಅವನ ದಿಂಬು ಸರಿಮಾಡಿ ಎದ್ದು ಬಂದೆ. ರೈಲಿಗೆ ಇನ್ನೂ ಹೊತ್ತಿತ್ತು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಾಗ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಸಾಯುವವನು ಇಷ್ಟು ಧೈರ್ಯವಾಗಿರುವಾಗ ಬದುಕುವವನು ಹೀಗೆ ಆಟ ಆಡುವುದೇ ಅಂತ ನನ್ನನ್ನು ನಾನೇ ಬೈದುಕೊಂಡೆ.

ಮನೆಗೆ ಬಂದು ಗೀರು ಗುಳ್ಳೆ ಹುಡುಕುವುದನ್ನು ಬಿಟ್ಟೆ. ಕೊನೆಯ ಕೈ ಹೊಡೆದೆ. ಒಣಗಿಸಿ, ಪಾಲಿಶ್ ಹಚ್ಚಿ ಬಟ್ಟೆಯಿಂದ ಉಜ್ಜಿದೆ. ಹಳೇ ಪರ್ಸಿನ ಚರ್ಮ ಹೊಲಿದು ಮಾಡಿದ್ದ ಸೀಟು ಕೂಡಿಸಿದೆ, ನಾಲ್ಕೂ ಗಾಲಿ ಹಾಕಿದೆ. ಮೆಣಸಿನಕಾಯಿಯನ್ನು ಪಕ್ಕಕ್ಕೆ ಹಿಡಿದು ಬಿಸಿಲಿನಲ್ಲಿ ನೋಡಿದೆ, ನೆರಳಿನಲ್ಲಿ ನೋಡಿದೆ. ಎರಡೂ ಒಂದೇ ಕೆಂಪು. ನಾವು ಮಾಡಿದ ಗಾಡಿಗಳಲ್ಲೇ ಒಳ್ಳೆಯದು ಅದು. ಸುಮಿತ್ರಾ ತಾನೂ ಬರುತ್ತೇನೆಂದಳು. ಬೇಡ ಅಂದೆ. ಬೂಟಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬ್ಯಾಡಗಿಗೆ ಹೋದೆ.

ಶಾಂತಕ್ಕ ಬಾಗಿಲಲ್ಲೇ ಡಬ್ಬಿ ನೋಡಿದರು. ಒಳಗೆ ಹೋಗಿ ಆರತಿ ತಟ್ಟೆಗೆ ಕುಂಕುಮ ಹಾಕಿ, ನಾಲ್ಕು ದ್ರಾಕ್ಷಿ ತೊಳೆದಿಟ್ಟುಕೊಂಡು ಬಂದರು. ಮಲ್ಲೇಶಿಯನ್ನು ಇಬ್ಬರೂ ಹಿಡಿದು ಕೂಡಿಸಿದೆವು. ಗಾಡಿಯನ್ನು ಅವನ ಅಂಗೈ ಮೇಲಿಟ್ಟೆ. ಭಾರಕ್ಕೆ ಕೈ ಇಳಿಯಿತು, ಕೆಳಗಿನಿಂದ ನನ್ನ ಕೈ ಕೊಟ್ಟೆ. ಮೂತಿಯಿಂದ ಹಿಂದಿನತನಕ ಹೆಬ್ಬೆರಳು ಆಡಿಸಿದ. ಒಂದು ಗಾಲಿ ತಿರುಗಿಸಿದ. ಅದು ಸದ್ದಿಲ್ಲದೆ ತಿರುಗಿತು. ಅವನ ಮುಖ ಅರಳಿತು. ಎಷ್ಟೋ ತಿಂಗಳ ಮೇಲೆ ನಾನು ಆ ಮುಖ ಕಂಡೆ. ಆಮೇಲೆ ಶಾಂತಕ್ಕ ಮಣೆ ತಂದು ಹಾಸಿಗೆಯ ಮೇಲಿಟ್ಟು, ಅದರ ಮೇಲೆ ದ್ರಾಕ್ಷಿ ಜೋಡಿಸಲು ಬಗ್ಗಿದರು. ಅವನು ಅದನ್ನೇ ನೋಡುತ್ತಿದ್ದ. ಒಂದು ದ್ರಾಕ್ಷಿ ಇಟ್ಟರು. ಎರಡನೆಯದನ್ನು ಇಟ್ಟರು. ಅವನ ಕೈ ಗಾಡಿಯನ್ನು ಎದೆಗೆ ಒತ್ತಿಕೊಂಡಿತು.

"ಬ್ಯಾಡ ತಗೀ," ಅಂದ ಹೆಂಡತಿಗೆ. ನನ್ನ ಕಡೆ ತಿರುಗಿ, "ಬಣ್ಣ ಸರಿ ಇಲ್ಲ," ಅಂದ.

ನನಗೆ ರೇಗಿತು. ಎಂಥ ಹೊತ್ತಿನಲ್ಲಿ ರೇಗುತ್ತೇನೆ ನೋಡಿ. ಕಿಸೆಯಲ್ಲಿದ್ದ ಮೆಣಸಿನಕಾಯಿ ತೆಗೆದು ಗಾಡಿಯ ಮೈಗೆ ಹಿಡಿದು ತೋರಿಸಬೇಕೆಂದು ಕೈ ಹಾಕಿದೆ. ಆಗ ಅವನ ಕಣ್ಣು ನೋಡಿದೆ. ಅವನು ಗಾಡಿಯನ್ನು ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದ. ಅಷ್ಟು ಭಯವನ್ನು ನಾನು ಯಾರ ಕಣ್ಣಿನಲ್ಲೂ ನೋಡಿರಲಿಲ್ಲ. ಮುಗಿಸಿ ತಾ ಅಂತ ನನ್ನನ್ನು ಬೈದ ಮಲ್ಲೇಶಿ ಅಲ್ಲಿ ಎಲ್ಲೂ ಇರಲಿಲ್ಲ. ಕಿಸೆಯಿಂದ ಕೈ ಹೊರಗೆ ತೆಗೆದೆ. ಹೌದು, ಸ್ವಲ್ಪ ಕಪ್ಪಾಗಿ ಬಿದ್ದಿದೆ, ನನಗೂ ಅನುಮಾನ ಇತ್ತು ಅಂದೆ.

"ಎಲ್ಲಾ ತಗದು ಮೊದಲಿಂದ ಹೊಡೀಬೇಕು," ಅಂದ. "ಎಷ್ಟು ದಿನಾ ಹಿಡೀತೈತಿ?"

ಎರಡು ತಿಂಗಳಾದರೂ ಬೇಕು ಅಂದೆ.

"ಹಿಡೀಲಿ. ಅವಸರ ಮಾಡಬ್ಯಾಡ."

ಶಾಂತಕ್ಕ ಮಣೆಯ ಮೇಲಿನ ದ್ರಾಕ್ಷಿಗಳನ್ನು ಒಂದೊಂದಾಗಿ ತಟ್ಟೆಗೆ ಎತ್ತಿಕೊಂಡರು. ನಾನು ಗಾಡಿಯನ್ನು ಅವನ ಕೈಯಿಂದ ಬಿಡಿಸಿ ಡಬ್ಬಿಯಲ್ಲಿಟ್ಟೆ. ಅವನು ದಿಂಬಿಗೊರಗಿ ಕಣ್ಣು ಮುಚ್ಚಿದ. ಬಹಳ ದೊಡ್ಡ ಕೆಲಸವೊಂದು ಆಗಿಹೋದಂತೆ ನಿರುಮ್ಮಳವಾಗಿ ಮಲಗಿದ.

ಮರುದಿನ ಬೆಳಿಗ್ಗೆ ಅಂಗಡಿ ತೆಗೆಯಲಿಲ್ಲ. ಪಡಸಾಲೆಯಲ್ಲಿ ಹಳೇ ಪೇಪರ್ ಹಾಸಿ, ಗಾಲಿ ಸೀಟು ಬಿಚ್ಚಿಟ್ಟು, ಥಿನ್ನರಿನಲ್ಲಿ ಬಟ್ಟೆ ಅದ್ದಿ ಕೂತೆ. ಮೂತಿಯ ಕಡೆಯಿಂದ ಶುರು ಮಾಡಿದೆ. ವಾಸನೆಗೆ ಸುಮಿತ್ರಾ ಅಡಿಗೆಮನೆಯಿಂದ ಬಂದು ನೋಡಿ ಹೌಹಾರಿದಳು. ಅಷ್ಟು ಚೆಂದದ ಗಾಡಿಗೆ ಏನಾಗಿದೆ ಅಂತ ಕೇಳಿದಳು. ಏನೂ ಆಗಿಲ್ಲ ಅಂದೆ.

"ಮತ್ತ್ಯಾಕ ತಗ್ಯಾಕತ್ತೀರಿ?"

"ಮಲ್ಲೇಶಿಗೆ ಇನ್ನೊಂದೆರಡು ತಿಂಗಳು ಬೇಕಂತ," ಅಂದೆ.

ಅವಳು ಅಲ್ಲೇ ಗೋಡೆಗೊರಗಿ ಕೂತಳು. ನಾನು ಅವಸರ ಮಾಡಲಿಲ್ಲ. ಬೆರಳಗಲ ಬೆರಳಗಲ ತೆಗೆಯುತ್ತ ಹೋದೆ. ಅವನಿಗೆ ಒಂದು ವಾರವೂ ಸಿಗಲಿಲ್ಲ.